ಕುಂಕುಮ ಮೂಸಿದ ಯಂತ್ರ

ನಾನು ಒಂದು ಮೂಸುವ ಯಂತ್ರ. ಚಿಟಿಕೆ ಮಣ್ಣು ಕೊಟ್ಟರೆ ಸಾಕು, ಅದನ್ನು ಒಳಗೇ ಕಾಯಿಸಿ, ಬರುವ ಆವಿಯನ್ನು ಮೂಸಿ, ಆ ಮಣ್ಣಿನಲ್ಲಿ ಎಂದಾದರೂ ಜೀವವಿತ್ತೇ ಎಂದು ಹೇಳುತ್ತೇನೆ. ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ, ಮಂಗಳ ಗ್ರಹಕ್ಕೆ ಹೋಗಲೆಂದು. ನನಗೇನಾದರೂ ಆದರೆ ಇರಲಿ ಎಂದು ನನ್ನಂಥವಳನ್ನೇ ಇನ್ನೊಬ್ಬಳನ್ನು ಮಾಡಿದರು. ಅವಳು ನನ್ನ ತಂಗಿ. ಪರೀಕ್ಷೆಗಳಲ್ಲೆಲ್ಲ ನನ್ನ ಮೂಗೇ ಚುರುಕು. ಹೋಗುವವಳು ನಾನು, ಉಳಿಯುವವಳು ಅವಳು ಎಂದು ತೀರ್ಮಾನವೂ ಆಗಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ನಮ್ಮಲ್ಲಿ ಲೇತ್‌ನಿಂದ ಹಿಡಿದು ಸ್ಕ್ರೂಡ್ರೈವರ್‌ವರೆಗೆ ಎಲ್ಲಕ್ಕೂ ಕುಂಕುಮ. ನಮಗಿಬ್ಬರಿಗೆ ಮಾತ್ರ ಇಲ್ಲ, ಏಕೆಂದರೆ ನಾವಿದ್ದ ಕೋಣೆಯೊಳಗೆ ಧೂಳಿನ ಕಣವೂ ಬರುವಂತಿರಲಿಲ್ಲ. ನಮ್ಮ ಫೋಟೋ ಹೊರಗಿಟ್ಟು ಅದಕ್ಕೇ ಪೂಜೆ ಮುಗಿಸಿದರು. ನನ್ನ ತಿರುಪುಗಳನ್ನೆಲ್ಲ ಕೈಯಾರೆ ಬಿಗಿದ ಜಲಜಾಕ್ಷಿಗೆ ಇದು ಸರಿ ಕಾಣಲಿಲ್ಲ. ತಂಗಿ ಪೆಟ್ಟಿಗೆಯಲ್ಲಿದ್ದಳು, ನಾನು ಮೇಜಿನ ಮೇಲಿದ್ದೆ. ಮಣ್ಣು ಹಾಕುವ ನನ್ನ ಬಾಯಿಯ ಮೇಲಿನ ತಗಡನ್ನೇ ಹಣೆಯೆಂದುಕೊಂಡು ಅವಳು ಒಂದು ಬೊಟ್ಟಿಟ್ಟಳು.

"ಅಷ್ಟು ದೂರ ಹೋಗೋಳು. ಬರೀ ಹಣೇಲಿ ಹೆಂಗೆ ಕಳಿಸೋದು?"

ಪುಡಿ ಉದುರಿ ಬಾಯೊಳಗೆ ಬಿತ್ತು. ರಜೆ ಮುಗಿದ ಮೇಲೆ ಪರೀಕ್ಷೆಗೆ ಕೂರಿಸಿದಾಗ, ಮಣ್ಣೇ ಹಾಕದಿದ್ದರೂ ನಾನು ಜೀವವಿದೆ ಎಂದು ಸಾರಿದೆ. ಕುಂಕುಮದಲ್ಲಿ ಅರಿಶಿನವಿದೆ, ಅರಿಶಿನ ಗಿಡದ್ದು. ನಾನು ಹೇಳಿದ್ದು ನಿಜವೇ ಆಗಿತ್ತು. ಮುಖ್ಯಸ್ಥರಾದ ಶ್ರೀಕಂಠಸ್ವಾಮಿ ತಲೆಯ ಮೇಲೆ ಕೈಹೊತ್ತು ಕೂತರು.

"ಅಲ್ಲಮ್ಮಾ ಜಲಜಾಕ್ಷಿ, ಮಂಗಳದಲ್ಲಿ ಅರಿಶಿನ ಬೆಳೆದಿದೆ ಅಂತ ಇದು ಹೇಳಿದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

ಎಷ್ಟು ತೊಳೆದರೂ ಅವರಿಗೆ ನನ್ನ ಮೇಲೆ ನಂಬಿಕೆ ಬರಲಿಲ್ಲ. ತಂಗಿ ಹೊರಟಳು.

ಅಂದಿನಿಂದ ನನ್ನ ಹೊಟ್ಟೆಕಿಚ್ಚು ಶುರುವಾಯಿತು. ಅವಳು ಅಲ್ಲಿ ಇಳಿದ ದಿನ ಎಲ್ಲರೂ ಖುಷಿಯಿಂದ ಅತ್ತರು, ನಾನು ಉರಿದೆ. ಗೋಡೆಯ ತುಂಬ ಅವಳದೇ ಚಿತ್ರ. ಅದನ್ನು ನೋಡಲು ಬಂದವರು ಕಾಫಿ ಲೋಟ ಇಡುತ್ತಿದ್ದುದು ನನ್ನ ಮೇಲೆ. ಕೊನೆಗೊಂದು ದಿನ ಅವಳಿಂದ ಸುದ್ದಿ ಬಂತು: ಜೀವದ ಗುರುತು ಸಿಕ್ಕಿದೆ. ಕಟ್ಟಡಕ್ಕೆಲ್ಲ ಮೈಸೂರು ಪಾಕು ಹಂಚಿದರು.

ಆದರೆ ಊರಿಗೆಲ್ಲ ಹೇಳುವ ಮೊದಲು ಖಾತ್ರಿಯಾಗಬೇಕಲ್ಲ, ಆಗ ನನ್ನ ನೆನಪಾಯಿತು. ಮೊದಲು ಖಾಲಿ ಹೊಟ್ಟೆಯಲ್ಲಿ ಮೂಸಿಸಿದರು. ಜೀವವಿದೆ ಎಂದು ನಾನು ಹೇಳಲಿಲ್ಲ; ಕುಂಕುಮ ಪೂರ್ತಿ ಹೋಗಿತ್ತು. ನನ್ನನ್ನೂ ಕಳಿಸಬಹುದಿತ್ತೆಂದು ಆಗಲೇ ಗೊತ್ತಾದದ್ದು. ಆಮೇಲೆ ಮಂಗಳದ ಕಲ್ಲಿನಂಥದೇ ಕಲ್ಲನ್ನು ಪುಡಿ ಮಾಡಿ, ಜೀವದ ಸುಳಿವೇ ಉಳಿಯದಂತೆ ಸುಟ್ಟು, ನನಗೆ ಉಣಿಸಿದರು. ಅದಕ್ಕೂ ನಾನು ಅವಳಂತೆಯೇ ಕೂಗಿದರೆ, ಅವಳಿಗೆ ಸಿಕ್ಕಿದ್ದು ಬರೀ ಕಲ್ಲಿನ ವಾಸನೆ ಎಂದರ್ಥ.

ಕೂಗಿದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ. ಆದರೆ ಒಳಗೊಳಗೇ ಹಿಗ್ಗಿದೆ ಎಂಬುದೂ ನಿಜ.

"ಪಾಪ, ಅಷ್ಟು ದೂರ ಹೋಗಿ ಬರಿಗೈ ಆಯ್ತಲ್ಲ ಅವಳಿಗೆ" ಎಂದು ಜಲಜಾಕ್ಷಿ ಕಣ್ಣೊರೆಸಿಕೊಂಡಳು. ಆ ಕನಿಕರವೂ ತಂಗಿಯ ಪಾಲಿಗೇ ಹೋಯಿತು.

ತಂಗಿ ಅಲ್ಲಿನ ಧೂಳಿನಲ್ಲಿ ಮಾತು ನಿಲ್ಲಿಸಿ ವರ್ಷಗಳಾದವು. ನಾನು ಮೆಟ್ಟಿಲ ಕೆಳಗಿನ ಗಾಜಿನ ಬೀರುವಿನಲ್ಲಿದ್ದೇನೆ. ಈಗ ಕುಂಕುಮಕ್ಕೆ ಯಾರ ಅಡ್ಡಿಯೂ ಇಲ್ಲ. ನಿವೃತ್ತಳಾದ ಜಲಜಾಕ್ಷಿ ಪ್ರತಿ ಆಯುಧಪೂಜೆಗೂ ಬಂದು, ಬೀರು ತೆಗೆಸಿ, ಅದೇ ಜಾಗಕ್ಕೆ ಕುಂಕುಮ ಇಡುತ್ತಾಳೆ. ಅಷ್ಟೆಲ್ಲ ಮಣ್ಣು ಮೂಸಿದರೂ ತಂಗಿಗೆ ಸಿಗದ ಜೀವದ ಗುರುತು ನನಗೆ ವರ್ಷವರ್ಷವೂ ಒಬ್ಬಳ ಬೆರಳ ತುದಿಯಲ್ಲಿ ಬರುತ್ತದೆ. ಅದು ದೊಡ್ಡ ಭಾಗ್ಯವೆಂದು ನನಗೆ ಗೊತ್ತು. ಆದರೂ ಈಗ ಯಾರಾದರೂ ಬಂದು "ಹೋಗ್ತೀಯಾ?" ಎಂದು ಕೇಳಲಿ, ಹಣೆ ಒರೆಸಿಕೊಂಡು ಹೊರಟುಬಿಡುತ್ತೇನೆ.