ಕಲ್ಲುಮನೆಯ ಕಾವಲು

"ಏ ಮುಂಡೆ, ಕಸ ಎತ್ತು ಅಂದ್ರೆ ಕೈ ಮುಗೀತಿಯಾ? ಎತ್ತೇ!"

ಮೇಸ್ತ್ರಿ ರುದ್ರಪ್ಪ ಬೆತ್ತದಿಂದ ಕಾಳಿಯ ಬೆನ್ನಿಗೆ ತಿವಿದ. ಸೋಲೂರಿನ ಕೆಳಗಿನ ಇಳಿಜಾರಿನಲ್ಲಿ, ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಬಂಡೆ ಹೊದಿಸಿದ ಹಳೆಯ ಕಲ್ಲುಮನೆ ಅದು. ಹಿಂಬದಿಯ ಚಪ್ಪಡಿಯ ತುಂಬ ಕೆತ್ತನೆ. ಇನ್ನು ಮುಂದೆ ಇದು ಸರಕಾರದ್ದು, ಯಾರೂ ಹಾಳುಮಾಡಬಾರದು ಎಂದು ಹಲಗೆ ನೆಟ್ಟಿದ್ದರು. ಸುತ್ತ ಮುಳ್ಳುತಂತಿ ಬಿಗಿಯಲು ಕುರುಂಬರಾದ ನಮ್ಮನ್ನೇ ಹಿಡಿದು ತಂದಿದ್ದರು. ಹಾಳುಮಾಡುವವರೂ ನಾವೇ ಅಂತೆ!

ಒಳಗಿದ್ದ ಕಸವೆಂದರೆ ನಮ್ಮ ಸತ್ತವರು. ಯಾರು ಸತ್ತರೂ ಹೊಳೆಯಿಂದ ಒಂದು ನುಣುಪು ಕಲ್ಲು ತಂದು ಅಲ್ಲಿ ಸಾಲಾಗಿ ಇಡುತ್ತೇವೆ. ಕಲ್ಲಿಗೆ ಬೇರೆ ಗುರುತಿಲ್ಲ, ಇಟ್ಟ ಜಾಗವೇ ಗುರುತು. ಕೊನೆಯದು, ಅಂಗೈಯಷ್ಟು ಸಣ್ಣದು, ಕಾಳಿಯ ಮಗಳದು. ಅವಳು ಜ್ವರದಲ್ಲಿ ಹೋಗಿ ತಿಂಗಳೂ ಆಗಿರಲಿಲ್ಲ.

"ಸಾಮಿ, ಎನ್ನ ಕೂಸು ಅದು. ಅದೊಂದ ಬುಟ್ಬುಡಿ."

"ನೋಡ್ರೋ, ಕಲ್ಲು ಹೆತ್ತವ್ಳೆ ಇವ್ಳು!" ರುದ್ರಪ್ಪ ನಕ್ಕು, ಕೆರದ ಕಾಲಿನಿಂದಲೇ ಅದನ್ನು ಬುಟ್ಟಿಗೆ ತಳ್ಳಿದ.

ಬುಟ್ಟಿ ಹೊತ್ತವನು ನಾನು. ಹೌದು, ನಾನೇ. ಕೆಳಗೆ ದಾರಿಗೆ ಜಲ್ಲಿ ಒಡೆಯುತ್ತಿದ್ದವರ ರಾಶಿಗೆ ಎಲ್ಲವನ್ನೂ ಸುರಿದೆ. ತಿರುಗಿ ಹತ್ತು ಹೆಜ್ಜೆ ಇಡುವುದರೊಳಗೆ ಸುತ್ತಿಗೆಯ ಸದ್ದು ಕೇಳಿತು. ಥೂ, ನನ್ನ ಜನ್ಮಕ್ಕಿಷ್ಟು.

ಮಧ್ಯಾಹ್ನ, ಆ ಹಲಗೆ ನೆಡಿಸಿದ್ದ ಬಿಳಿಯ ದೊರೆ ಕುದುರೆಯ ಮೇಲೆ ಬಂದ. ಒಳಗೆ ಬಗ್ಗಿ ನೋಡಿ, "ಈಗ ಚೊಕ್ಕಟ" ಎಂದ. ಅವನು ಪಕ್ಕಕ್ಕೆ ಸರಿದದ್ದೇ ತಡ, ಕಾಳಿ ಒಳಗೆ ನುಗ್ಗಿ, ಖಾಲಿ ನೆಲದ ಮೇಲೆ ಅಂಗಾತ ಮಲಗಿ, ಎರಡೂ ಪಾದಗಳನ್ನು ಕೆತ್ತನೆಯ ಚಪ್ಪಡಿಗೆ ಒತ್ತಿದಳು.

"ಎನ್ನ ಕೂಸ ತಂದು ಮಡುಗಿ. ಇಲ್ದಿದ್ರೆ ನಾ ಏಳಲ್ಲ."

"ಏಳೇ ಬೇವರ್ಸಿ!" ರುದ್ರಪ್ಪ ಬಾಗಿ ಅವಳ ಕೂದಲಿಗೆ ಕೈ ಹಾಕಿದ. ಅವಳು ಚಪ್ಪಡಿಗೆ ಒದ್ದಳು. ಮತ್ತೆ ಒದ್ದಳು. ತಂತಿಯ ಕಂಬಕ್ಕೆಂದು ಗುಂಡಿ ತೋಡಿ ಬುಡ ಸಡಿಲಾಗಿದ್ದ ಚಪ್ಪಡಿ ಹಿಂದಕ್ಕೆ ವಾಲಿತು. ಮೇಲಿನ ಬಂಡೆ ಜರುಗಿ ಅವಳ ಮುಖದ ಮೇಲೆ ಮಣ್ಣು ಉದುರಿತು. ರುದ್ರಪ್ಪ ಕೂದಲು ಬಿಟ್ಟು ಹಿಂದಕ್ಕೆ ಹಾರಿದ.

"ಕಲ್ಲು!" ದೊರೆ ಕಿರುಚಿದ. "ಕಲ್ಲು ಹಿಡೀರಿ!"

"ಹೆಗಲು ಕೊಡ್ರೋ, ಸೂಳೆಮಕ್ಳಾ!" ಎಂದು ರುದ್ರಪ್ಪ ನಮ್ಮ ಮೇಲೆ ಬೆತ್ತ ಬೀಸಿದ.

ನಾವು ಆರು ಮಂದಿ ಇದ್ದೆವು. ಹೆಗಲು ಕೊಟ್ಟಿದ್ದರೆ ಕಲ್ಲು ನಿಲ್ಲುತ್ತಿತ್ತೋ ಏನೋ. ಒಬ್ಬರೂ ಕೊಡಲಿಲ್ಲ. ನಮ್ಮಲ್ಲೊಬ್ಬಳಾದ ನಂಜಿ ಕಾಳಿಯ ಒಂದು ಕೈ ಹಿಡಿದಳು, ನಾನು ಇನ್ನೊಂದು ಹಿಡಿದೆ. ಬೆತ್ತದೇಟು ಬೀಳುತ್ತಿದ್ದಂತೆಯೇ ಎಳೆದೆವು. ಬಂಡೆ ಕುಸಿದು ಕೆತ್ತನೆಯ ಚಪ್ಪಡಿಯನ್ನು ಎರಡು ಹೋಳು ಮಾಡಿತು. ಕಾಳಿಯ ಬಲಗಾಲು ನಡುವೆ ಸಿಕ್ಕಿಕೊಂಡಿತು.

ಅವಳು ಕೂಗುತ್ತಲೇ ಇದ್ದಳು. ದೊರೆ ಪಕ್ಕದಲ್ಲೇ ಮಂಡಿಯೂರಿ, ಕೆತ್ತನೆಯ ಮೇಲೆ ಹರಿದ ರಕ್ತವನ್ನು ತನ್ನ ಕರವಸ್ತ್ರದಿಂದ ಮೆಲ್ಲಗೆ ಒರೆಸತೊಡಗಿದ.