ತಲೆಯ ಹಿಂದಿನ ಕನ್ನಡಿ

ಸಲೂನಿನ ಅಣ್ಣನ ಕಾಲು ಈಚೆಗೆ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಶಾಲೆಗೆ ಟ್ಯಾಬ್ಲೆಟ್ ಬಂದಾಗಿನಿಂದ ಮಗಳು ಪುಟ್ಟಿಗೆ ಗಣಿತದಲ್ಲಿ ದಿನವೂ ಹತ್ತಕ್ಕೆ ಹತ್ತು ನಕ್ಷತ್ರ. ಕತ್ತರಿ ತಲೆಯ ಮೇಲಿರುವಾಗ ಗಿರಾಕಿಗಳು ಎದ್ದು ಓಡುವಂತಿಲ್ಲವಲ್ಲ, ಅವರಿಗೆಲ್ಲ ಇದೇ ಕಥೆ.

ಆ ಶನಿವಾರ ಮಧ್ಯಾಹ್ನ ಕುರ್ಚಿಯಲ್ಲಿದ್ದವರು ಪುಟ್ಟಿಯ ಮೇಷ್ಟ್ರೇ. ಪುಟ್ಟಿ ಮೂಲೆಯ ಬೆಂಚಿನಲ್ಲಿ ಟವೆಲ್ ಮಡಚುತ್ತಿದ್ದಳು.

"ಟ್ಯಾಬ್ಲೆಟ್‌ನಿಂದ ಮಕ್ಕಳಿಗೆ ಏನು ಅನುಕೂಲ, ಏನು ತೊಡಕು ಅಂತ ಹಾಳೆ ಕಳಿಸಿದ್ದೆ, ತುಂಬಿಸಿದ್ರಾ?" ಎಂದರು ಮೇಷ್ಟ್ರು.

"ಎಲ್ಲ ಚೆನ್ನಾಗಿದೆ ಅಂತ ಬರೆದು ಸೈನ್ ಹಾಕ್ಬಿಟ್ಟೆ. ಅಂಥಾ ಒಳ್ಳೆ ಯಂತ್ರ ಬಂದಿದೆ, ಇನ್ನೇನ್ ನೋಡೋದಿದೆ?"

"ಪುಟ್ಟಿನ ಕೇಳಿದ್ರಾ?"

"ಅವಳನ್ನೇನು ಕೇಳೋದು ಮೇಷ್ಟ್ರೇ, ನಕ್ಷತ್ರಾನೇ ಹೇಳುತ್ತಲ್ಲ!"

ಕಟಿಂಗ್ ಮುಗಿಯಿತು. ಅಣ್ಣ ಅಭ್ಯಾಸದಂತೆ ಚಿಕ್ಕ ಕನ್ನಡಿ ತೆಗೆದು ಮೇಷ್ಟ್ರ ತಲೆಯ ಹಿಂದೆ ಹಿಡಿದ. "ಸರಿ ಇದೆಯಾ ನೋಡಿ."

"ಮುಂದೆ ಇಷ್ಟು ದೊಡ್ಡ ಕನ್ನಡಿ ಇದೆ, ಮತ್ತೆ ಇದ್ಯಾಕೆ?"

"ಮುಂದೆ ಚೆಂದ ಕಂಡ್ರೆ ಆಗೋಯ್ತಾ? ಹಿಂದೆ ಏರುಪೇರಾಗಿದ್ರೆ ನೀವು ಹೇಳ್ಬೇಕು, ನಾನು ಸರಿಮಾಡ್ಬೇಕು."

"ನಮ್ಮ ಹಾಳೆನೂ ಅದಕ್ಕೇ ಕಣಪ್ಪಾ. ಯಂತ್ರ ತಂದ್ರೆ ಸಾಲ್ದು. ಅದರಿಂದ ಕಲಿತ್ರಾ ಇಲ್ವಾ ಅಂತ ಮಕ್ಕಳೇ ಹೇಳ್ಬೇಕು."

 ಅಣ್ಣ ತಿರುಗಿ ನೋಡಿದರೆ ಪುಟ್ಟಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಅಪ್ಪಾ, ನಂಗೆ ಭಾಗಾಕಾರ ಬರಲ್ಲ. ತಪ್ಪು ಒತ್ತಿದ್ರೆ ಟ್ಯಾಬ್ಲೆಟ್ಟೇ ಸರಿ ಉತ್ತರ ತೋರಿಸುತ್ತೆ. ಆಮೇಲೆ ಅದನ್ನ ಒತ್ತಿದ್ರೆ ನಕ್ಷತ್ರ ಬರುತ್ತೆ. ನೀನು ಎಲ್ಲರ ಹತ್ರನೂ ಹೊಗಳ್ತಿದ್ದೆ, ನಾನು ಹೇಗೆ ಹೇಳ್ಲಿ?"

ಅಣ್ಣ ಬೈಯಲಿಲ್ಲ. ಮಗಳು ಇಷ್ಟು ದಿನ ಒಬ್ಬಳೇ ಇದನ್ನು ಹೊತ್ತುಕೊಂಡಿದ್ದಳಲ್ಲ ಎಂದುಕೊಂಡು ಕನ್ನಡಿ ಕೆಳಗಿಟ್ಟ. ಪಕ್ಕದಲ್ಲಿ ಕೂತು ತಲೆ ಸವರಿದ. "ನಕ್ಷತ್ರ ಆಕಾಶದಲ್ಲಿ ಬೇಕಾದಷ್ಟಿವೆ ಬಿಡು ಮಗಳೇ. ನೀನು ಹೇಳು, ಮೇಷ್ಟ್ರು ಬರ್ಕೊಳ್ತಾರೆ."

ಸೋಮವಾರ ಮೇಷ್ಟ್ರು ತರಗತಿಯ ಎಲ್ಲ ಮಕ್ಕಳನ್ನೂ ಕೇಳಿದರು. ಅವರಲ್ಲಿ ಹದಿನಾಲ್ಕು ಮಕ್ಕಳದ್ದೂ ಇದೇ ಗುಟ್ಟು! ಈಗ ಮೊದಲು ನೋಟ್‌ಬುಕ್ಕಿನಲ್ಲಿ ಲೆಕ್ಕ, ಆಮೇಲೆ ಟ್ಯಾಬ್ಲೆಟ್. ಎಡವಿದ ಮಗುವಿನ ಪಕ್ಕದಲ್ಲಿ ಮೇಷ್ಟ್ರೇ ಕೂರುತ್ತಾರೆ. ತಿಂಗಳಿಗೊಮ್ಮೆ ಮಕ್ಕಳು, ಮನೆಯವರು, ಶಿಕ್ಷಕರು ಸೇರಿ ಯಾವುದು ಇರಲಿ, ಯಾವುದು ಬದಲಾಗಲಿ ಎಂದು ಮಾತಾಡುತ್ತಾರೆ.

ನಿನ್ನೆ ಪುಟ್ಟಿಗೆ ಬಂದದ್ದು ನಾಲ್ಕೇ ನಕ್ಷತ್ರ. ಅಣ್ಣ ಮಾತ್ರ ಗಿರಾಕಿಗಳನ್ನು ಬಿಟ್ಟಿಲ್ಲ: "ನಾಲ್ಕೂ ಅವಳದ್ದೇ ಸ್ವಾಮಿ!"

ನಿಮ್ಮ ಮಗುವಿನ ಶಾಲೆಯಿಂದಲೂ ಇಂಥ ಹಾಳೆ ಬರಬಹುದು. ಬರದಿದ್ದರೆ ನೀವೇ ಹೋಗಿ ವಿಚಾರಿಸಿ. ಸಹಿ ಹಾಕುವ ಮುನ್ನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಬೈಯದೆ ಕೇಳಿ, ಮಗು ಹೇಳುತ್ತದೆ.