ಬಂಡೆಯ ಮೇಲಿನ ಮಲ್ಲಿಗೆ ಮಡಿ

ಗುಡೇಕೋಟೆಯ ನಮ್ಮ ಮನೆಯ ಹಿಂದಿನ ಬಂಡೆಯ ಮೇಲಕ್ಕೆ, ಒಂದೇ ದಿನದಲ್ಲಿ, ಮಲ್ಲಿಗೆ ಮಡಿಗಳು ತುಂಬುವಷ್ಟು ಕೆರೆಯ ಗೋಡುಮಣ್ಣನ್ನು ಏರಿಸಿದವಳು ನನ್ನ ಹೆಂಡತಿ ಗಾಳೆಮ್ಮ. ೧೯೯೬ರ ಆ ದಿನವನ್ನು ನೆನೆದರೆ ಇಂದಿಗೂ ನನ್ನ ಎದೆ ಉಬ್ಬುತ್ತದೆ.

ನಮ್ಮ ಓಣಿಯ ನೆಲದಲ್ಲಿ ಹಸಿರು ಉಳಿಯುವುದು ದುಸ್ತರ. ಊರ ಮೇಕೆಗಳು ಚಿಗುರಿದ್ದನ್ನೆಲ್ಲ ಮೇದುಬಿಡುತ್ತಿದ್ದವು. ಆದುದರಿಂದ ಗಾಳೆಮ್ಮ, ಮೇಕೆಯೂ ಕಾಲೂರಲಾರದ ನುಣುಪು ಬಂಡೆಯ ನೆತ್ತಿಯನ್ನು ಆರಿಸಿಕೊಂಡಳು. ಏಣಿ ಹತ್ತಿ, ಕಲ್ಲು ಜೋಡಿಸಿ, ಮೊಣಕಾಲೆತ್ತರದ ಮಡಿಗಳನ್ನು ಕಟ್ಟಿದಳು. ಅವುಗಳಿಗೆ ಮಣ್ಣು ತುಂಬುವ ಮೊದಲೇ ಅವಳ ಅಕ್ಕ ಹೂವಿನಹಡಗಲಿಯಿಂದ ಮಲ್ಲಿಗೆ ಸಸಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿಬಿಟ್ಟಳು. ಬಂದಿಳಿದಾಗಲೇ ಎಲೆಗಳು ಬಾಡಿದ್ದವು. ಸಂಜೆಯೊಳಗೆ ನೆಡದಿದ್ದರೆ ಅವು ಒಲೆಗೇ ಸರಿ.

ಗೋಡುಮಣ್ಣನ್ನು ಬಂಡಿಯಲ್ಲಿ ತಂದು ಬಂಡೆಯ ಬುಡಕ್ಕೆ ಸುರಿದೆವು. ಮಣ್ಣು ತುಂಬಿದ ಮೊದಲ ಪುಟ್ಟಿ ಹೊತ್ತು ನಾನೇ ಏಣಿ ಹತ್ತಿದೆ. ನಡುವೆ ಮೆಟ್ಟಿಲೊಂದು ಮುರಿಯಿತು. ಮಣ್ಣು ಬಿತ್ತು, ನಾನು ಏಣಿಗೆ ಜೋತುಬಿದ್ದೆ.

"ಮೊದ್ಲು ನೀವು ಇಳೀರಿ. ಸಸಿ ಹೋದ್ರ ಹೋಗ್ಲಿ," ಎಂದಳು ಗಾಳೆಮ್ಮ. ಹಾಗೆನ್ನುವಾಗ ಅವಳ ಕಣ್ಣು ಗೋಣಿಯ ಮೇಲೆಯೇ ಇತ್ತು. ಮರುಕ್ಷಣ ಅವಳು ನೆರೆಯ ರೈತ ಓಬಣ್ಣನ ಮನೆಗೆ ಹೊರಟಿದ್ದಳು.

ಪಂಪ್‌ಸೆಟ್ಟು ಬಂದ ಮೇಲೆ ಓಬಣ್ಣನ ನೀರೆತ್ತುವ ಕಪಿಲೆ ಮೂಲೆ ಸೇರಿತ್ತು. ಹಿಂದೆ ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ಹಗ್ಗ ಗಾಲಿಯ ಮೇಲೆ ಹರಿದು ಬಾವಿಯ ನೀರು ಮೇಲೇರುತ್ತಿತ್ತು. ಅವು ಹಿಮ್ಮೆಟ್ಟಿ ಬಂದರೆ ತೊಗಲಿನ ಚೀಲ ಮತ್ತೆ ಬಾವಿಗಿಳಿಯುತ್ತಿತ್ತು. ಗಾಳೆಮ್ಮ ಕೇಳಿದ್ದು ಗಾಲಿ ಮತ್ತು ಹಗ್ಗ. ಓಬಣ್ಣ ಉತ್ಸಾಹದಿಂದ ಎತ್ತುಗಳನ್ನೂ ಹೊಡೆದುಕೊಂಡು ಬಂದ.

"ಇವಕ್ಕ ಹಿಂದಕ ನಡ್ಯಾದು ಗೊತ್ತೈತೇನಣ್ಣ?"

"ನಮ್ಮ ಹಳೇ ಕೆಂದೆತ್ತು ಇವಕ್ಕ ಸ್ವಾದರಮಾವ ಆಗ್ಬೇಕು, ತಂಗಿ. ಕಪಿಲಿ ಎಳದೆಳದ ಮುದುಕ ಆಗಿದ್ದ. ವಿದ್ಯಾ ರಕ್ತದಾಗ ಐತಿ!"

ಮುರಿದ ಮೆಟ್ಟಿಲು ದಾಟಿ ಹುಷಾರಾಗಿ ಮೇಲೆ ಹತ್ತಿ, ಬಂಡೆಯ ಅಂಚಿನಲ್ಲಿ ಗಾಲಿ ನಿಲ್ಲಿಸಿದೆವು. ಪುಟ್ಟಿ ಇಳಿಸಿಕೊಳ್ಳಲು ನಾನು ಮೇಲೆಯೇ ಉಳಿದೆ. ಕೆಳಗೆ ಓಣಿ ಇಳಿಜಾರಾಗಿತ್ತು. ಎತ್ತುಗಳು ನಡೆದವು, ಪುಟ್ಟಿ ಗಂಭೀರವಾಗಿ ಮೇಲೆದ್ದಿತು. ನಾನು ಕೈ ಚಾಚುವಷ್ಟರಲ್ಲಿ ಅವು ಗಿರಕ್ಕನೆ ತಿರುಗಿ ತಮ್ಮ ಕೊಟ್ಟಿಗೆಯ ಕಡೆಗೆ ಹೊರಟವು. ಹಗ್ಗ ಸಡಿಲಿ ಪುಟ್ಟಿ ನೆಲಕ್ಕಪ್ಪಳಿಸಿತು.

"ಸ್ವಾದರಮಾವ ಮನೀಗೆ ಹೋಗಾದು ಅಷ್ಟ ಕಲಿಸ್ಯಾನ, ಓಬಣ್ಣ!" ಎಂದು ಎದುರುಮನೆಯ ಪಂಪಮ್ಮ ನಕ್ಕಳು.

ಗಾಳೆಮ್ಮ ನಗಲಿಲ್ಲ. ಗೋಣಿತಾಟನ್ನು ಮಡಚಿ ಸೊಂಟಕ್ಕೆ ಸುತ್ತಿ, ಅದರ ಮೇಲೆ ಹಗ್ಗ ಬಿಗಿದುಕೊಂಡಳು. "ಎತ್ತಿಗೆ ಬರ್ದಿದ್ರ ಏನಾತು, ನನಗ ಬರ್ತೈತಿ," ಎಂದು ಇಳಿಜಾರಿಗೆ ಮುಖ ಮಾಡಿ ನಡೆದಳು.

ಮೇಲಿನಿಂದ ನನಗೆ ಕಾಣುತ್ತಿದ್ದುದು ಅವಳ ಬಾಗಿದ ಬೆನ್ನು ಮಾತ್ರ. ಪುಟ್ಟಿ ಕೈಗೆ ಸಿಕ್ಕೊಡನೆ ನಾನು ಕೂಗುತ್ತಿದ್ದೆ, ಮಣ್ಣನ್ನು ಮಡಿಗೆ ಸುರಿಯುತ್ತಿದ್ದೆ. ಅವಳು ಹಗ್ಗ ಸಡಿಲಬಿಡದೆ, ಹಿಂದಿಂದಕ್ಕೆ ಹೆಜ್ಜೆಯಿಡುತ್ತ ಏರಿ ಬರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪಂಪಮ್ಮ ಸೆರಗು ಸಿಕ್ಕಿಸಿ ಅವಳ ಹಿಂದೆ ಹಗ್ಗ ಹಿಡಿದಳು. ಕೊನೆಗೆ ಎತ್ತುಗಳನ್ನು ಕಟ್ಟಿ ಬಂದ ಓಬಣ್ಣನೂ ಸೇರಿಕೊಂಡ.

"ಓಬಣ್ಣಗ ಒಂದೀಟು ಹೊಟ್ಟು ಹಾಕ್ರೆ, ಚಲೋ ಎಳೀತಾನ!" ಎಂದಳು ಪಂಪಮ್ಮ.

"ಸುಮ್ಕ ನಡೀಬೇ ಪಂಪವ್ವ, ಹೊತ್ತು ಮುಣಗಾಕ ಹತ್ತೈತಿ!" ಎಂದು ಗಾಳೆಮ್ಮ ಗದರಿದಳು.

ಸೂರ್ಯ ಗುಡ್ಡದಂಚಿಗೆ ಇಳಿಯುವ ಹೊತ್ತಿಗೆ ಕೊನೆಯ ಮಡಿಯೂ ತುಂಬಿತು. ಗಾಳೆಮ್ಮ ತಾನೇ ಮೇಲೆ ಬಂದು ಒಂದೊಂದು ಸಸಿಯ ಬುಡವನ್ನೂ ಒತ್ತಿ ನೀರೆರೆದಳು. ಕೆಲವು ಒಣಗಿದವು, ಉಳಿದವು ಮರುಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲರ ಮುಡಿಗೆ ಸಾಲುವಷ್ಟು ಅರಳಿದವು.

ಮಗ್ಗುಲಲ್ಲಿ ಕೂತಿದ್ದ ಮೊಮ್ಮಗಳಿಗೆ ನಾನು ಇಷ್ಟು ಹೇಳಿ ಮುಗಿಸಿದಾಗ ಗಾಳೆಮ್ಮ ಮೊರದಿಂದ ತಲೆಯೆತ್ತಿದಳು.

"ಹಗ್ಗ ಎಳದಾಕಿ ನಾನು. ಮ್ಯಾಗ ನಿಂತು ನೋಡಿದಾವ್ರು ಇವ್ರು. ಸೊಂಟ ಹೆಂಗ ಉರೀತು ಅನ್ನಾದು ಇವ್ರಿಗೇನು ಗೊತ್ತೈತಿ?"

ಮೊಮ್ಮಗಳು ಕ್ರಾಂತಿ ನನ್ನನ್ನು ಬಿಟ್ಟು ಅಜ್ಜಿಯ ಮಗ್ಗುಲಿಗೆ ಸರಿದಳು.

"ಹಂಗಾರ ನೀನ ಹೇಳಬೇ ಅಜ್ಜಿ, ಮೊದ್ಲಿಂದ."